ಏರಿನಲ್ಲಿ ನಿಲ್ಲುವ ಗಾಡಿ

ಮಿರ್ಜಾನು ದಾಟಿ ಏರು ಶುರುವಾಗುವಲ್ಲಿಗೆ ಸರಿಯಾಗಿ ಗಾಡಿ ಕೆಮ್ಮಿತು. ಕೆಮ್ಮಿದ್ದೇ ತಡ, ಈರನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಮುಂದಿನದೆಲ್ಲ ಅವನಿಗೆ ಬಾಯಿಪಾಠ. ಒಮ್ಮೆ ಮುಗ್ಗರಿಸುತ್ತದೆ, ಏನೂ ಆಗಿಲ್ಲವೆಂಬಂತೆ ತುಸು ದೂರ ಓಡುತ್ತದೆ, ಮತ್ತೆ ಮುಗ್ಗರಿಸುತ್ತದೆ, ಆಮೇಲೆ ಚೆಂಡೆಯವನು ಪೆಟ್ಟು ಮರೆತ ಹಾಗೆ ನಡುನಡುವೆ ಖಾಲಿ ಬಿಡುತ್ತ ಬಿಡುತ್ತ ಏರಿನ ಅರ್ಧದಲ್ಲಿ ಸುಮ್ಮನಾಗುತ್ತದೆ. ಇವತ್ತೂ ಹಾಗೆಯೇ ಆಯಿತು.

ಹಿಂದೆ ಕೂತಿದ್ದ ನಾಗಿ ಇಳಿದಳು. ತನ್ನ ಬೆನ್ನ ಹಿಂದೆ ಮೋಟಾರ್‌ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ್ದ ಮೀನಿನ ಬುಟ್ಟಿಯ ಹಗ್ಗ ಬಿಚ್ಚತೊಡಗಿದಳು.

"ತಡಿ ಮಾರಾಯ್ತಿ, ನೋಡ್ತೆ" ಎಂದ ಈರ.

"ನೀವು ನೋಡಿ. ಐಸು ನೋಡ್ತಾ ಕೂರೂದಿಲ್ಲ. ಒಂದು ಕೈ ಕೊಡಿ."

ಅವನು ಕೈ ಕೊಟ್ಟ. ಬುಟ್ಟಿ ಅವಳ ತಲೆಗೆ ಏರಿತು. ಏರಿದ ಕೂಡಲೇ ಅವಳ ಬಲಗೈ ಒಮ್ಮೆ ಸೋತು ಕೆಳಗಿಳಿದದ್ದನ್ನು ಅವನು ಕಂಡ. ಕಂಡರೂ ಕಾಣದವನಂತೆ ಗಾಡಿಯ ಕಡೆ ತಿರುಗಿದ. ಟ್ಯಾಂಕಿನ ಮುಚ್ಚಳ ತೆಗೆದು ಗಾಡಿಯನ್ನು ಅಲುಗಾಡಿಸಿದ. ಒಳಗೆ ಪೆಟ್ರೋಲು ಕುಲುಕುಲು ಎಂದಿತು. ಬೇಕಾದಷ್ಟಿದೆ. ಮುಚ್ಚಳ ಹಾಕಿ ಕಿಕ್ಕರು ಒದ್ದ. ಒಂದೇ ಒದೆತಕ್ಕೆ ಗಾಡಿ ಎದ್ದು ಗುಡುಗಿತು, ಇಷ್ಟು ಹೊತ್ತು ನಿದ್ದೆ ಹೋದವನು ತಾನಲ್ಲ ಎಂಬಂತೆ.

ಏರಿನ ತುದಿಯಲ್ಲಿ ನಾಗಿ ಸಿಕ್ಕಿದಳು. "ಹತ್ತು, ಶುರುವಾಯ್ತು" ಎಂದ.

"ಇಳಿಸ್ದ ಬುಟ್ಟಿ ಮತೆ ಎತ್ತೂಕೆ ಆಗೂದಿಲ್ಲ ನಂಗೆ. ನೀವು ಮುಂದೆ ಹೋಗಿ" ಎಂದು ಅವಳು ನಡೆಯುತ್ತಲೇ ಹೇಳಿದಳು. ತಲೆಯ ಮೇಲೆ ಭಾರವಿದ್ದವರು ಮಾತಾಡುವಾಗ ಮುಖ ತಿರುಗಿಸುವುದಿಲ್ಲ. ಈರ ಗಾಡಿಯನ್ನು ಹೆಜ್ಜೆಯ ವೇಗಕ್ಕೆ ಇಳಿಸಿ, ಹೆಂಡತಿಯ ಪಕ್ಕದಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವನಂತೆ ಕತಗಾಲದವರೆಗೂ ಹೋದ. ಎದುರಿಗೆ ಬಂದ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು.

ಗಾಡಿ ತಂದದ್ದೇ ಅವಳ ಕತ್ತಿನ ಸಲುವಾಗಿ. ತದಡಿಯ ಬಂದರದಿಂದ ಒಳನಾಡಿನ ಊರುಗಳಿಗೆ ನಾಗಿ ಮದುವೆಯಾಗಿ ಬಂದಾಗಿನಿಂದ ಮೀನು ಹೊತ್ತಿದ್ದಳು. ಹಿಂದಿನ ಮಳೆಗಾಲ ಕಳೆದ ಮೇಲೆ ಅವಳ ಕತ್ತಿನಲ್ಲಿ ಹಿಡಿದ ನೋವು ಭುಜಕ್ಕಿಳಿದು, ಭುಜದಿಂದ ಕೈಗಿಳಿದು, ಒಂದು ದಿನ ಗಂಜಿಯ ಬಟ್ಟಲು ಕೈಯಿಂದ ತಾನಾಗಿ ಜಾರಿತು. ಕುಮಟೆಯ ಡಾಕ್ಟರು ಕತ್ತನ್ನು ಒತ್ತಿ ನೋಡಿ, ತಲೆಹೊರೆ ಬಿಡದಿದ್ದರೆ ಬಲಗೈ ಕೆಲಸಕ್ಕೆ ಬಾರದಂತಾಗುತ್ತದೆ ಎಂದು ಚೀಟಿ ಬರೆಯುತ್ತಲೇ ಹೇಳಿದರು. ಬುಟ್ಟಿ ಹಿಡಿದವರನ್ನು ಕಂಡಕ್ಟರು ಬಸ್ಸು ಹತ್ತಿಸುವುದಿಲ್ಲ. ಮೀನು ಬಿಟ್ಟರೆ ಮನೆ ನಡೆಯುವುದಿಲ್ಲ. ಭಟ್ಕಳದ ಆಚೆ ಜಾಲಿಯಲ್ಲಿ ಒಬ್ಬ ಹುಡುಗ ದುಬೈಗೆ ಹೋದನೆಂದೂ ಅವನ ಮೋಟಾರ್‌ಸೈಕಲ್ಲು ಮನೆಯಲ್ಲಿ ಸುಮ್ಮನೆ ನಿಂತಿದೆಯೆಂದೂ ತಾನು ದುಡಿಯುವ ಬೋಟಿನಲ್ಲಿ ಯಾರೋ ಹೇಳಿದಾಗ, ಈರ ಎರಡು ಹಂಗಾಮಿನ ಪಾಲಿನ ಹಣ ಕೊಟ್ಟು ಅದನ್ನು ತಂದುಬಿಟ್ಟ.

ಜಾಲಿಯಿಂದ ತದಡಿಯವರೆಗೆ ಗಾಡಿ ಒಮ್ಮೆಯೂ ನಿಂತಿರಲಿಲ್ಲ. ಮಾರನೇ ದಿನದಿಂದ ಹಿಡಿಯಿತು ನೋಡಿ ಗ್ರಹಚಾರ.

ಮೊದಲು ಈರ ಪೆಟ್ರೋಲನ್ನು ಬೈದ. ಪೆಟ್ರೋಲು ಹಾಕಿಸುವ ಬಂಕು ಬದಲಿಸಿದ. ಆಮೇಲೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆಯನ್ನು ಬೈದ. ಹೆಚ್ಚು ಹಾಕಿ ನೋಡಿದ, ಹೊಗೆ ಬಂತು. ಕಡಿಮೆ ಹಾಕಿ ನೋಡಿದ, ಇಂಜಿನ್ನು ಕಾದು ಚಟಚಟ ಎಂದಿತು. ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ವಿಚಿತ್ರವೆಂದರೆ ಟ್ಯಾಂಕು ತುಂಬಿಸಿದ ದಿನ ಮಾದನಗೇರಿಯಲ್ಲೇ ಮಲಗುತ್ತಿತ್ತು, ತಳ ಕಂಡ ದಿನ ಕತಗಾಲದ ಹತ್ತಿರದವರೆಗೂ ಹೋಗುತ್ತಿತ್ತು. ಉಣ್ಣಿಸಿದರೆ ಮಲಗುವ, ಉಪವಾಸ ಹಾಕಿದರೆ ಓಡುವ ಇಂಥ ಪ್ರಾಣಿಯನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಕುಮಟೆಯ ಮೆಕ್ಯಾನಿಕ್ ಮೀರಾನ್ ಸಾಬನೂ ಕಂಡಿರಲಿಲ್ಲ. ಅವನು ಮೊದಲ ಸಲ ಪ್ಲಗ್ಗು ಬದಲಿಸಿದ. ಎರಡನೇ ಸಲ ಕಾರ್ಬೊರೇಟರನ್ನು ಬಿಚ್ಚಿ, ಎಣ್ಣೆಬಟ್ಟೆಯ ಮೇಲೆ ಹರಡಿ, ಪ್ರತಿಯೊಂದು ತೂತನ್ನೂ ಊದಿದ. ಟ್ಯಾಂಕಿನೊಳಗೆ ಕಸವಿದೆಯೇ ಎಂದು ನೋಡುವಾಗ, ಮುಚ್ಚಳದ ಮೇಲಿದ್ದ ಕುಂಕುಮಕ್ಕೆ ಬೆರಳು ತಾಗದಂತೆ ಅಂಚನ್ನಷ್ಟೇ ಹಿಡಿದು ತಿರುಗಿಸಿ, ಅದನ್ನು ಬೇರೆಯಾಗಿ ಒಂದು ಶುದ್ಧ ಕಾಗದದ ಮೇಲೆ ಇಟ್ಟ. ಕೆಲಸ ಮುಗಿದ ಮೇಲೆ ತಾನೇ ಹತ್ತಿ ಪೇಟೆ ಸುತ್ತಿ ಬಂದ.

"ಕುದುರೆ ಇದ್ದ ಹಾಗೆ ಉಂಟಲ್ಲ ಈರಣ್ಣ. ಎಂತ ತೊಂದರೆ ಇದಕ್ಕೆ?"

"ಇಲ್ಲಿ ಕುದುರೆ ಸಾಬ್ರೇ. ಮಿರ್ಜಾನಲ್ಲಿ ಕತ್ತೆ."

"ಹಾಗಾದ್ರೆ ಮಿರ್ಜಾನಲ್ಲೇ ಏನೋ ಉಂಟು. ನನ್ನ ಹತ್ರ ಬಂದಾಗ ನಿಂತ್ರೆ ತಾನೆ ನಾನು ಹಿಡಿಯೂದು? ಜ್ವರ ಬಿಟ್ಟ ಮೇಲೆ ಡಾಕ್ಟ್ರ ಹತ್ರ ಬಂದ್ರೆ ಡಾಕ್ಟ್ರೆಂತ ಮಾಡ್ಬೇಕು?"

ಮೂರನೇ ಸಲ ಮೀರಾನ್ ಸಾಬ ಹಣ ಮುಟ್ಟಲಿಲ್ಲ. ಅದು ಈರನಿಗೆ ಇನ್ನೂ ಅವಮಾನವಾಯಿತು. ಆ ಸಿಟ್ಟಿನಲ್ಲೇ ಬಸ್ಸು ಹತ್ತಿ ಜಾಲಿಗೆ ಹೋಗಿ, ಗಾಡಿ ಮಾರಿದ ಮುದುಕನ ಅಂಗಳದಲ್ಲಿ ನಿಂತು, ಬಾಯಿಗೆ ಬಂದದ್ದೆಲ್ಲ ಹೇಳಿದ. ಮುದುಕ ಕೇಳುವಷ್ಟು ಕೇಳಿ, "ನನ್ನ ಮಗ ಇದ್ರಲ್ಲೇ ದಿನಾ ಹೊನ್ನಾವರಕ್ಕೆ ಹೋಗಿ ಬರ್ತಿದ್ದ ಬಾಬಾ, ಒಂದ್ ದಿನ ತಳ್ಳಿದ್ದಿಲ್ಲ" ಎಂದು ಚಾ ತರಿಸಿದ. ಈರ ಚಾ ಕುಡಿಯದೆ ಬಂದ.

ಊರಿನವರು ದೃಷ್ಟಿ ಎಂದರು. ಬಂದರದಲ್ಲಿ ಮೋಟಾರ್‌ಸೈಕಲ್ಲಿನಲ್ಲಿ ಮೀನು ಸಾಗಿಸುವವಳು ನಾಗಿ ಒಬ್ಬಳೇ, ಕಣ್ಣು ತಾಗದೆ ಇರುತ್ತದೆಯೇ? ನಾಗಿಗೆ ಈ ಮಾತು ನಾಟಿತು. ಅವಳ ತವರಿನಲ್ಲಿ ದೋಣಿ ನೀರಿಗಿಳಿಯುವ ಮೊದಲು ಮನೆಯ ಹೆಂಗಸು ಮಿಂದು ಬಂದು ಅದರ ಮೂತಿಗೆ ಬೊಟ್ಟಿಡಬೇಕು. ಇಡದ ದೋಣಿಗೆ ಗಂಡಸರು ಕಾಲಿಡುವುದಿಲ್ಲ. ಗಾಡಿ ಮನೆಗೆ ಬಂದ ಸಂಜೆಯೇ ಅವಳು ಅದರ ಸುತ್ತ ತಿರುಗಿ, ಇದಕ್ಕೆ ಮೂತಿ ಯಾವುದು, ನೆತ್ತಿ ಯಾವುದು ಎಂದು ನೋಡಿ, ಟ್ಯಾಂಕಿನ ಮೇಲೆ ಗುಂಡಗೆ ಹೊಳೆಯುವ ಮುಚ್ಚಳವೇ ನೆತ್ತಿಯೆಂದು ಒಪ್ಪಿ, ಅಮ್ಮನವರ ಹೆಸರು ಹೇಳಿ ನಡುಮಧ್ಯಕ್ಕೆ ಬೊಟ್ಟಿಟ್ಟಿದ್ದಳು. ಈಗ ದಿನಾ ಇಟ್ಟಳು. ಗಾಡಿ ನಿಂತಷ್ಟೂ ಬೊಟ್ಟು ದಪ್ಪವಾಯಿತು. ಕಡಲಗಾಳಿಗೆ ಉದುರಬಾರದೆಂದು ಅರಿಸಿನ ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ನಿನ್ನೆಯದರ ಮೇಲೆ ಇವತ್ತಿನದನ್ನು ಹೆಬ್ಬೆರಳಿನಿಂದ ಒತ್ತಿ ಇಡುತ್ತಿದ್ದಳು. ಇಡುವಾಗ ಅವಳ ತುಟಿ ಅಲುಗಾಡುವುದನ್ನು ಈರ ದೂರದಿಂದ ನೋಡುತ್ತಿದ್ದ. ಅವನಿಗೆ ಬೇರೆಲ್ಲದರ ಮೇಲೆ ಸಿಟ್ಟು ಬರುತ್ತಿತ್ತು. ಆ ಹೊತ್ತಿನಲ್ಲಿ ಮಾತ್ರ ಸಿಟ್ಟು ತಲೆ ತಗ್ಗಿಸುತ್ತಿತ್ತು.

ಆದರೆ ನಡುದಾರಿಯಲ್ಲಿ ಬುಟ್ಟಿ ಅವಳ ತಲೆಗೆ ಏರುವುದು ತಪ್ಪಲಿಲ್ಲ. ವಾರದಲ್ಲಿ ಒಂದೆರಡು ದಿನ ತಪ್ಪಿದರೆ ಹೆಚ್ಚು. ಮೀನು ಕೊಯ್ಯುವಾಗ ಬಲಗೈಯಿಂದ ಕತ್ತಿ ಜಾರುತ್ತಿತ್ತು. ಕಡೆಗೆ ಒಂದು ಶನಿವಾರ ಈರ ಹೇಳಿದ: "ಹೊನ್ನಾವರದ ಮಾಬ್ಲ ನಾಳೆ ಗಾಡಿ ನೋಡೂಕೆ ಬತ್ತೆ ಅಂದಿದಾನೆ. ಕೊಟ್ಟುಬಿಡ್ತೆ."

"ಕೊಟ್ಟು?"

"ಕೊಟ್ಟು ಎಂತ? ಪೀಡೆ ಹೋಗ್ತದೆ."

"ಗಾಡಿ ಹೋಗ್ತದೆ. ಬುಟ್ಟಿ ಹೋಗ್ತದಾ?"

ಅವನು ಬುಟ್ಟಿಗೆ ಹಗ್ಗ ಬಿಗಿದ. ಇದ್ದದ್ದು ಬಂಗಡೆ, ಜೊತೆಗೆ ಸ್ವಲ್ಪ ನೊಗಲಿ ಮೀನು. ನಾಗಿ ಹೆಬ್ಬೆರಳೊತ್ತಿ ಬೊಟ್ಟಿಟ್ಟು ಹಿಂದೆ ಕೂತಳು. ಗಾಡಿ ಮಾದನಗೇರಿ ದಾಟಿತು, ಮಿರ್ಜಾನು ದಾಟಿತು, ಏರಿನ ಬುಡಕ್ಕೆ ಬಂದು ಕೆಮ್ಮಿತು, ಅರ್ಧ ಏರಿ ನಿಂತಿತು.

ಈರ ಇಳಿದ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ರಸ್ತೆಯ ಬದಿಯ ಕಲ್ಲಿನ ಮೇಲೆ ಹೋಗಿ ಕೂತ.

"ನೋಡೂದಿಲ್ವ?" ಎಂದಳು ನಾಗಿ.

"ಇಲ್ಲ."

"ಒಂದು ಸಲ ಒದ್ದಾದ್ರೂ ನೋಡಿ."

ಅವಳ ಮಾತಿಗೆಂದು ಎದ್ದು ಬಂದು ಒದ್ದ. ಏಳಲಿಲ್ಲ. ಇನ್ನೊಮ್ಮೆ ಒದ್ದ. ಸಿಟ್ಟಿಗೆ ಒದ್ದ, ಹಟಕ್ಕೆ ಒದ್ದ, ಕಾಲು ಜಾರಿ ಮೊಣಕಾಲು ತರಚಿಸಿಕೊಂಡ. ಮತ್ತೆ ಕಲ್ಲಿಗೆ ಹೋಗಿ ಕೂತ. "ನಾಳೆ ಮಾಬ್ಲ ಒದೀಲಿ" ಎಂದ.

ನಾಗಿ ಬುಟ್ಟಿಯ ಹಗ್ಗಕ್ಕೆ ಕೈ ಹಾಕಿದವಳು ಹಾಗೇ ನಿಂತಳು. "ದಿನಾ ಒಂದೇ ಒದೆತಕ್ಕೆ ಶುರುವಾಗ್ತದಲ್ಲ. ಇವತ್ತು ಎಂತ ಆತು?"

"ಅದನ್ನೇ ಕೇಳು."

"ದಿನಾ ನೀವು ಮುಚ್ಚಳ ತೆಗೆದು ಪೆಟ್ರೋಲು ನೋಡ್ತ್ರಿ. ಇವತ್ತು ತೆಗೀಲಿಲ್ಲ."

"ನೋಡಿದ್ರೆ ಎಂತ? ಪೆಟ್ರೋಲು ಉಂಟು. ನಿನ್ನೆ ನಾನೇ ಹಾಕಿದ್ದು."

ಅವಳು ಕೇಳಿಸಿಕೊಳ್ಳಲಿಲ್ಲ. ಗಾಡಿಯ ಮುಂದೆ ಬಗ್ಗಿ, ಎರಡು ಕೈಯಿಂದ ಮುಚ್ಚಳವನ್ನು ಹಿಡಿದು ತಿರುಗಿಸಿದಳು. ಅದು ಬಿಡುವಾಗ ಸುಯ್ ಎಂದು ಒಂದು ಉಸಿರು ಕೇಳಿತು. ಹೊರಗೆ ಬಂದ ಉಸಿರಲ್ಲ, ಒಳಗೆ ಎಳೆದುಕೊಂಡ ಉಸಿರು. ನೀರಿನಡಿ ಮುಳುಗಿದವನು ಮೇಲೆ ಬಂದಾಗ ಎಳೆದುಕೊಳ್ಳುವಂಥದು. ದಿನವೂ ಈರ ಬಯ್ಯುತ್ತ ಬಯ್ಯುತ್ತ ಅದನ್ನು ತಿರುಗಿಸುತ್ತಿದ್ದ. ತನ್ನ ಬೈಗುಳದ ಗದ್ದಲದಲ್ಲಿ ಅವನಿಗೆ ಇದು ಕೇಳಿಸಿರಲಿಲ್ಲ.

"ಕೇಳಿತಾ?" ಎಂದಳು ನಾಗಿ.

ಈರ ಎದ್ದು ಬಂದ. "ಇನ್ನೊಂದು ಸಲ ಮಾಡು."

ಮುಚ್ಚಿ ತೆಗೆದಳು. ಈ ಸಲ ಏನೂ ಕೇಳಲಿಲ್ಲ. ಆದರೆ ಗಾಡಿ ಒಂದೇ ಒದೆತಕ್ಕೆ ಎದ್ದಿತು. ಅವನು ಅದನ್ನು ಆರಿಸಿ ಅವಳ ಮುಖ ನೋಡಿದ.

"ಅಂಗಡಿಯಲ್ಲಿ ಎಣ್ಣೆಡಬ್ಬಕ್ಕೆ ಎಷ್ಟು ತೂತು ಹೊಡೀತ್ರು?" ಎಂದು ಕೇಳಿದಳು ನಾಗಿ.

"ಎರಡು. ಯಾಕೆ?"

"ಒಂದೇ ಹೊಡೆದ್ರೆ?"

"ಬರೂದಿಲ್ಲ. ಗುಳುಕ್ ಅಂತ ನಿಲ್ತದೆ. ಒಂದ್ರಲ್ಲಿ ಗಾಳಿ ಒಳಗೆ ಹೋದ್ರೆ ಇನ್ನೊಂದ್ರಲ್ಲಿ ಎಣ್ಣೆ..." ಅವನು ಮಾತು ನಿಲ್ಲಿಸಿದ.

"ಇದಕ್ಕೆ ಕೆಳಗೆ ಪೈಪಿನ ತೂತು ಉಂಟು. ಎರಡನೇದು ಎಲ್ಲಿ?"

ಅವಳು ಮುಚ್ಚಳವನ್ನು ಮಗುಚಿ ಹಿಡಿದಳು. ಒಳಬದಿಯ ನಡುಮಧ್ಯದಲ್ಲಿ ಸೂಜಿ ಹೋಗುವಷ್ಟು ಒಂದು ತೂತಿತ್ತು. ಬಿಸಿಲಿಗೆ ಹಿಡಿದಳು, ಬೆಳಕು ಬರಲಿಲ್ಲ. ಮೇಲ್ಬದಿಗೆ ತಿರುಗಿಸಿದಳು. ಅಲ್ಲಿ, ಅದೇ ಜಾಗದಲ್ಲಿ, ದಿನದ ಮೇಲೆ ದಿನ ಕೂತು ಮೇಣದ ಹಾಗೆ ಗಟ್ಟಿಯಾದ ಅವಳ ಬೊಟ್ಟಿತ್ತು. ಎಲ್ಲಕ್ಕಿಂತ ಮೇಲೆ ಇವತ್ತಿನ ಹೆಬ್ಬೆರಳಿನ ಗುರುತು.

ನಾಗಿ ಮುಚ್ಚಳ ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತಳು.

ಈರನೊಳಗೆ ಇಷ್ಟು ದಿನ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಲೇ ಎದ್ದು ನಿಂತಿತು. ಎದ್ದ ಸಿಟ್ಟಿಗೆ ಹೋಗಲು ಜಾಗ ಬೇಕಿತ್ತು. "ಜಾಲಿಯ ಮುದುಕಂಗೆ ನಾ ಎಂತೆಂತ ಹೇಳಿ ಬಂದೆ ಗೊತ್ತುಂಟಾ ನಿಂಗೆ?" ಎಂದ.

"ಗೊತ್ತು. ಮನೆಗೆ ಬಂದು ಎಲ್ಲಾ ಎರಡನೇ ಸಲ ನಂಗೂ ಹೇಳಿದ್ರಿ."

"ಮೀರಾನ್ ಸಾಬ ಇಡೀ ಗಾಡಿ ಬಿಚ್ಚಿದ. ಪಾಪ ದುಡ್ಡೂ ತಕಳ್ಲಿಲ್ಲ."

"ಹೌದು."

"ಎಲ್ಲಾ ಬಿಟ್ಟು ಅಲ್ಲೇ ಇಡ್ಬೇಕಿತ್ತಾ ನೀನು?"

ನಾಗಿ ತಲೆಯೆತ್ತಲಿಲ್ಲ. "ನೆತ್ತಿ ಅಂದ್ಕಂಡೆ" ಎಂದಳು. ಅಷ್ಟು ಹೇಳಿ, ಎಡಗೈಯಿಂದ ತನ್ನ ಬಲ ಮೊಣಕೈಯನ್ನು ಒತ್ತಿಕೊಂಡಳು. ಅದು ಈಗ ಅವಳಿಗೇ ಗೊತ್ತಿಲ್ಲದಂತೆ ನಡೆಯುವ ಅಭ್ಯಾಸವಾಗಿತ್ತು. ಈರ ಅದನ್ನು ನೋಡಿದ. ಬಯ್ಯಲು ಅವನಿಗೆ ಇನ್ನು ಯಾರೂ ಉಳಿದಿರಲಿಲ್ಲ.

"ಆತು, ಒರಸು ಅದನ್ನ. ಹೋಗ್ವ" ಎಂದ ತಗ್ಗಿದ ದನಿಯಲ್ಲಿ.

"ನಾ ಒರಸೂದಿಲ್ಲ."

"ಯಾಕೆ?"

"ಗಂಡ ಎದುರಿಗೆ ನಿಂತಿರ್ವಾಗ ಕೈಯಾರೆ ಕುಂಕುಮ ಒರಸೂಕೆ ನಂಗೆಂತ ಹುಚ್ಚಾ?"

"ಗಾಡಿ ಮುಚ್ಚಳ ಮಾರಾಯ್ತಿ ಅದು, ಹಣೆ ಅಲ್ಲ."

"ಇಡ್ವಾಗ ಅಮ್ಮನ ಹೆಸ್ರು ಹೇಳಿ ಇಟ್ಟದ್ದು. ಒರಸ್ವಾಗ ಯಾರ ಹೆಸ್ರು ಹೇಳ್ಲಿ?"

ಈರ ಅಂಗಿಯ ತುದಿ ಹಿಡಿದು ಮುಂದೆ ಬಂದ. ಅವಳು ಮುಚ್ಚಳವನ್ನು ಸೆರಗಿನೊಳಗೆ ಎಳೆದುಕೊಂಡಳು. "ನೀವೂ ಒರಸ್ಬೇಡಿ."

"ಮತೆ ಯಾರು ಒರಸೂದು? ಪಂಚಾಯ್ತಿಯೋರಾ?"

"ಒರಸೂದು ಬೇರೆ, ತೊಳೆಯೂದು ಬೇರೆ" ಎಂದು ನಾಗಿ ಎದ್ದಳು. "ಮಿಂದ್ರೆ ಬೊಟ್ಟು ಹೋಗ್ತದೆ, ಮತೆ ಇಡ್ತ್ರು. ಅದಕ್ಕೆಂತ ದೋಷ ಇಲ್ಲ. ಆ ಕೆಳಗೆ ಮನೆ ಉಂಟು, ಬಾವಿ ಉಂಟು. ಬಂದೆ."

"ಮೀನು?"

"ನೋಡ್ಕಳಿ."

ಅವಳು ಇಳಿಜಾರಿನಲ್ಲಿ ಮರೆಯಾದಳು. ಈರ ಒಬ್ಬನೇ ಉಳಿದ. ಬಿಸಿಲು ಏರುತ್ತಿತ್ತು. ಬುಟ್ಟಿಯಿಂದ ಐಸಿನ ನೀರು ಹನಿಹನಿಯಾಗಿ ರಸ್ತೆಗೆ ಬೀಳುತ್ತಿತ್ತು. ನೊಣ ಬಂದವು. ಲಾರಿಯೊಂದು ಕೆಂಪು ಧೂಳೆಬ್ಬಿಸಿ ಹೋದಾಗ, ಬಾಯಿ ತೆರೆದ ಟ್ಯಾಂಕಿಗೆ ಧೂಳು ಬಿದ್ದೀತೆಂದು ಅವನು ಅಂಗೈಯನ್ನು ಅದರ ಮೇಲೆ ಮುಚ್ಚಿ ಹಿಡಿದ. ಹಿಡಿದ ಕೈ ತೆಗೆಯಲಾರದೆ ಹಾಗೇ ನಿಂತಿರುವಾಗ, ತದಡಿಯ ವೆಂಕಟ ಬಲೆಯ ಗಂಟನ್ನು ಸೈಕಲ್ಲಿಗೆ ಹೇರಿಕೊಂಡು ತಳ್ಳುತ್ತ ಏರು ಹತ್ತಿ ಬಂದ.

"ಎಂತದ ಈರ, ಕೈ ಇಟ್ಟು ನೋಡ್ತ್ಯಲ. ಜ್ವರ ಉಂಟಾ ಗಾಡಿಗೆ?"

"ಹೋಗಾ ನಿನ್ನ ದಾರಿ ಹಿಡ್ದು."

"ಸಿಟ್ಟಾಗ್ಬೇಡ ಮಾರಾಯ. ನಾಗಕ್ಕ ಎಲ್ಲಿ? ಹೊತ್ಕಂಡು ಹೋದ್ಲಾ?" ಎಂದವನು ಬುಟ್ಟಿ ಕಂಡು, "ಇಲ್ಲೇ ಉಂಟಲ್ಲ ಬುಟ್ಟಿ" ಎಂದು ಸೈಕಲ್ಲು ನಿಲ್ಲಿಸಿ ಉಸಿರು ತೆಗೆದುಕೊಂಡ. "ಊರಲ್ಲಿ ಎಂತ ಹೇಳ್ತ್ರು ಗೊತ್ತುಂಟಾ? ಈರ ಗಾಡಿ ತಂದದ್ದು ಹೆಂಡ್ತಿ ಹೊರೂದನ್ನ ಕೂತ್ಕಂಡು ನೋಡೂಕೆ ಅಂತ."

ಅವನು ನಗೆಯಾಡುತ್ತಲೇ ಹೇಳಿ, ನಗೆಯಾಡುತ್ತಲೇ ಏರು ಹತ್ತಿ ಹೋದ. ಈರನಿಗೆ ಕೂಗಿ ಬಯ್ಯಬೇಕೆನಿಸಿತು. ಬೈಗುಳ ಬಾಯಿಯವರೆಗೆ ಬಂದು ನಿಂತಿತು. ಗಾಡಿ ನಿಂತ ಅಷ್ಟೂ ದಿನ ಅವನು ಮಾಡಿದ್ದೇನು? ಅವಳ ತಲೆಗೆ ಬುಟ್ಟಿ ಏರಿಸಲು ಒಂದು ಕೈ ಕೊಟ್ಟು, ತಾನು ಗಾಡಿಯ ಹತ್ತಿರ ಉಳಿದಿದ್ದ. ಗಾಡಿಯನ್ನು ಬಿಟ್ಟು ಬುಟ್ಟಿಯನ್ನು ತಾನು ಹೊರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವರಲ್ಲಿ ಗಂಡಸರು ಮೀನು ಹಿಡಿಯುತ್ತಾರೆ. ಮೀನು ತಲೆಗೆ ಏರಿದ ಮೇಲೆ ಅದು ಹೆಂಗಸರದು. ಅಪ್ಪನೂ ಹೊತ್ತಿರಲಿಲ್ಲ, ಅಜ್ಜನೂ ಹೊತ್ತಿರಲಿಲ್ಲ.

ನಾಗಿ ಮೇಲೆ ಬಂದಳು. ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಹಿಡಿಕಡ್ಡಿಯಿಂದ ತೂತು ಬಿಡಿಸಿ, ಸೆರಗಿನಿಂದ ಒರೆಸಿ ಒಣಗಿಸಿದ್ದಳು. ಮುಚ್ಚಳ ಹೊಸದರ ಹಾಗೆ ಬೆಳ್ಳಗಿತ್ತು. ಅವಳ ಕಣ್ಣು ಕೆಂಪಾಗಿತ್ತು. ತುಟಿಗಿಟ್ಟು ಊದಿ ತೋರಿಸಿದಳು. ಈರ ಒಡ್ಡಿದ ಅಂಗೈಗೆ ತೂತಿನ ಆಚೆಯಿಂದ ತಣ್ಣನೆಯ ಗಾಳಿ ತಾಗಿತು. ಅವನು ಮುಚ್ಚಳ ತಿರುಗಿಸಿ ಹಾಕಿ ಕಿಕ್ಕರು ಒದ್ದ.

ಗಾಡಿ ಏರು ಹತ್ತಿತು. ಹತ್ತಿದ ಮೇಲೂ ಈರನ ಹಲ್ಲು ಸಡಿಲವಾಗಲಿಲ್ಲ. ಪ್ರತಿ ತಿರುವಿನಲ್ಲೂ ಕೆಮ್ಮು ಈಗ ಬಂತು, ಈಗ ಬಂತು ಎಂದು ಕಿವಿಗೊಟ್ಟ. ಅದು ಒಂದೇ ತಾಳದಲ್ಲಿ, ಮಾತ್ರೆ ತಪ್ಪದ ಪದದ ಹಾಗೆ ನಡೆದಿತ್ತು.

"ಅಮ್ಮ ಸಿಟ್ಟಾಗ್ಲಿಕ್ಕಿಲ್ಲ, ಅಲ್ದಾ?" ಎಂದಳು ನಾಗಿ ಹಿಂದಿನಿಂದ.

"ಅಮ್ಮಂಗೆಂತ ಸಿಟ್ಟು. ನಾಳೆಯಿಂದ ಬೊಟ್ಟು ಗಾಡಿಯ ಮುಂದಿನ ದೀಪದ ಬದಿಗೆ ಇಡು."

"ಮಾಬ್ಲ ಬತ್ತ್ನಲ್ಲ ನಾಳೆ?"

"ಚಾ ಕುಡ್ಸಿ ಕಳ್ಸು."

ಕತಗಾಲದಲ್ಲಿ ರಸ್ತೆ ಬದಿಯ ಮರದಡಿ ಗಾಡಿ ನಿಂತಿತು. ಈರ ನಿಲ್ಲಿಸಿದ್ದರಿಂದ ನಿಂತಿತು. ಅಲ್ಲಿಂದ ಮುಂದೆ ಮನೆಮನೆಗೆ ಹೋಗುವುದು ಕಾಲುದಾರಿ. ಗಾಡಿ ಹೋಗುವುದಿಲ್ಲ. ದಿನವೂ ಇಲ್ಲಿ ನಾಗಿ ಬುಟ್ಟಿ ಹೊತ್ತು ಓಣಿಗೆ ಇಳಿಯುತ್ತಿದ್ದಳು, ಅವನು ಸ್ಪಾನರು ತೆಗೆದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಇವತ್ತು ಬಿಚ್ಚಲು ಏನೂ ಇರಲಿಲ್ಲ.

ನಾಗಿ ಸಿಂಬೆ ತಲೆಗಿಟ್ಟು ಬಗ್ಗಿದಳು. "ಒಂದು ಕೈ ಕೊಡಿ."

"ಇಲ್ಲ. ನೀ ಕೊಡು ಕೈ" ಎಂದು ಅವನು ಅವಳ ತಲೆಯಿಂದ ಸಿಂಬೆ ತೆಗೆದು ತನ್ನ ತಲೆಗಿಟ್ಟುಕೊಂಡ.

ಅವಳು ಸುತ್ತ ನೋಡಿದಳು. "ಎಂತದು ಇದು? ನಗ್ತ್ರು ಜನ."

"ನಗ್ಲಿ. ಇಷ್ಟು ದಿನ ತಳ್ಳೂದು ನೋಡಿ ನಗ್ತಿದ್ರು."

"ಗಂಡಸ್ರು ಹೊತ್ತು ಮಾರೂದು ಯಾರು ಕಂಡಿದ್ರು?"

"ಮಾರೂದು ನೀನು. ಹೊರೂದು ನಾನು. ಎತ್ತು ಬೇಗ, ನಂಗೆ ಸಿಟ್ಟು ಬತ್ತ್ ಉಂಟು."

ಬುಟ್ಟಿ ತಲೆಗೆ ಬಂದಾಗ ಈರನಿಗೆ ಭೂಮಿ ಒಮ್ಮೆ ಓರೆಯಾಯಿತು. ಬಲೆ ಎಳೆದ ತೋಳಿಗೆ ಇದು ಭಾರವೇ ಅಲ್ಲ; ಆದರೆ ಕತ್ತು ತೋಳಲ್ಲ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಐಸಿನ ನೀರು ಕಿವಿಯ ಹಿಂದಿನಿಂದ ಇಳಿದು ಬೆನ್ನು ಹಿಡಿಯಿತು.

"ಕಾಲು ನೋಡ್ಬೇಡಿ. ಕತ್ತು ನೆಟ್ಟಗೆ ಇಡಿ. ಕಾಲಿಗೆ ದಾರಿ ಗೊತ್ತಾಗ್ತದೆ" ಎಂದಳು ನಾಗಿ ಪಕ್ಕದಲ್ಲಿ ಬರಿಗೈ ಬೀಸುತ್ತ.

"ಬಾಯಿ ಮುಚ್ಚಿ ನಡಿ."

"ಬಾಯಿ ಮುಚ್ಚಿದ್ರೆ ಮೀನು ಬಂತು ಅಂತ ಯಾರು ಹೇಳೂದು? ನೀವು ಹೇಳ್ತ್ರಾ?"

ಅವಳೇ ದನಿ ತೆಗೆದಳು. ಮೊದಲ ಮನೆಯ ಮಾದೇವಿ ಹೊರಗೆ ಬಂದು, ಈರನನ್ನು ಕೆಳಗಿಂದ ಮೇಲಿನವರೆಗೆ ನೋಡಿ, "ಎಂತದೇ ನಾಗಿ, ಹೊಸ ಆಳು ಇಟ್ಟಿದ್ಯಾ?" ಎಂದಳು.

"ಆಳಲ್ಲ ಅಕ್ಕ, ಮನೆಯೋರು. ಬೆಲೆ ನನ್ನ ಹತ್ರ ಮಾತಾಡಿ, ಅವ್ರಿಗೆ ಗೊತ್ತಿಲ್ಲ."

ಮಾದೇವಿ ಬಂಗಡೆಯ ಕಿವಿರು ಎತ್ತಿ ನೋಡಲೆಂದು ಕೈ ಚಾಚಿದಳು. ಈರ ಬುಟ್ಟಿ ಇಳಿಸಲು ಬಗ್ಗಿದ. ನಾಗಿ ತಡೆದು, ತಾನೇ ಹಿಮ್ಮಡಿಯೆತ್ತಿ ಮೇಲಿನಿಂದ ನಾಲ್ಕು ಮೀನು ತೆಗೆದು ಎಲೆಯ ಮೇಲಿಟ್ಟಳು. ಮಾತು ಶುರುವಾಯಿತು. ಮಾದೇವಿ ಅರ್ಧಕ್ಕೆ ಇಳಿಸಿದಳು, ನಾಗಿ ಅದಕ್ಕೆ ಕಾಲು ಭಾಗ ಏರಿಸಿದಳು, ನಡುವೆ ಮಾದೇವಿಯ ಮಗಳ ಬಾಣಂತನದ ಸುದ್ದಿ ಬಂತು, ಸುದ್ದಿ ಮುಗಿದ ಮೇಲೆ ಮತ್ತೆ ಬೆಲೆಗೆ ಬಂದರು. ನಾಗಿಗೆ ಯಾವ ಅವಸರವೂ ಇರಲಿಲ್ಲ. ಭುಜ ಸಡಿಲ ಬಿಟ್ಟು, ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದಳು. ಅವಳು ಹಾಗೆ ನಿಂತದ್ದನ್ನು ಈರ ಈಚೆಗೆ ನೋಡಿರಲಿಲ್ಲ. ನೋಡಲು ತಲೆ ತಿರುಗಿಸುವಂತೆಯೂ ಇರಲಿಲ್ಲ. ಕಣ್ಣ ಕೊನೆಯಲ್ಲಿ ಕಂಡಷ್ಟು ಕಂಡ. ಕತ್ತಿನ ನರ ತಂತಿಯ ಹಾಗೆ ಬಿಗಿದಿತ್ತು.

"ಬೇಗ ಮುಗ್ಸೇ" ಎಂದ ಹಲ್ಲಿನ ಸಂದಿಯಿಂದ.

"ನಿಲ್ಲಿ ಸುಮ್ನೆ. ಇದು ಮೊದಲ್ನೇ ಮನೆ" ಎಂದಳು ನಾಗಿ.